ಸೇವೆಗೆಂದು ಕಟ್ಟಿದ ಭೂತ ಬಂಗಲೆಗಳು ಏಕೆ ಬಾಗಿಲು ಮುಚ್ಚುತ್ತಿವೆ

ನಮ್ಮ ಕಡೆಯ ದೊಡ್ಡ ಜಾತ್ರೆಗಳಲ್ಲಿ ಮಿಠಾಯಿ ಅಂಗಡಿಗಳ ಸಾಲು ದಾಟಿದ ಮೇಲೆ, ದೊಡ್ಡ ತೊಟ್ಟಿಲು ಮತ್ತು ಸಾವಿನ ಬಾವಿಯ ಮಗ್ಗುಲಲ್ಲಿ, ‘ಭೂತ ಬಂಗಲೆ’ ಎಂಬ ಫಲಕ ಹೊತ್ತ ಡೇರೆಯೊಂದು ಕಾಣಿಸುವುದುಂಟು. ಟಿಕೆಟ್ ಕೊಂಡು ಒಳಗೆ ಹೋದರೆ ಕತ್ತಲೆಯ ಓಣಿ, ಮೈಮೇಲೆ ಬೀಳುವಂತೆ ತೂಗುವ ಅಸ್ಥಿಪಂಜರ, ಎಲ್ಲಿಂದಲೋ ಕೇಳಿಬರುವ ಚೀರಾಟ. ಅದು ಜಾತ್ರೆಯಿಂದ ಜಾತ್ರೆಗೆ ಸಾಗುವ ಒಬ್ಬ ಮಾಲೀಕನ ವ್ಯಾಪಾರ. ಜಾತ್ರೆ ಮುಗಿದರೆ ಡೇರೆಯೂ ಹೋಗುತ್ತದೆ, ಅದಕ್ಕಾಗಿ ಯಾರೂ ಕಣ್ಣೀರು ಹಾಕುವುದಿಲ್ಲ. ಅಮೆರಿಕದ ಸಣ್ಣ ಊರುಗಳಲ್ಲಿ ಇದೇ ಆಟ ಬೇರೊಂದು ದಾರಿಯಲ್ಲಿ ಬೆಳೆಯಿತು. ಅಲ್ಲಿ ಭೂತದ ವೇಷ ಹಾಕಿದವರು ಬ್ಯಾಂಕಿನ ನೌಕರರು, ಶಾಲಾ ಶಿಕ್ಷಕಿಯರು, ಬಡಗಿಗಳು, ಕಾಲೇಜಿನ ಹುಡುಗರು. ಅವರಿಗೆ ಸಂಬಳವಿರಲಿಲ್ಲ, ಟಿಕೆಟ್ಟಿನ ಹಣ ಮಕ್ಕಳ ಆಸ್ಪತ್ರೆಗೋ ವಿದ್ಯಾರ್ಥಿವೇತನಕ್ಕೋ ಊರಿನ ಆಟದ ಮೈದಾನಕ್ಕೋ ಸೇರುತ್ತಿತ್ತು. ಇಂಥ ಬಂಗಲೆಯೊಂದು ಹಲವು ದಶಕ ನಡೆದು ಬಾಗಿಲು ಮುಚ್ಚಿದಾಗ ಇಡೀ ಊರು ದುಃಖಪಡುತ್ತದೆ. ಮುಚ್ಚಲು ಕಾರಣವೇನೆಂದು ಕೇಳಿದರೆ ‘ಜನ ಸಿಗುತ್ತಿಲ್ಲ, ಖರ್ಚು ಹೆಚ್ಚಾಯಿತು’ ಎಂಬ ಉತ್ತರ ಬರುತ್ತದೆ. ಆ ಉತ್ತರ ಸುಳ್ಳಲ್ಲವಾದರೂ, ಅದರ ಹಿಂದೆ ನಲವತ್ತು ವರ್ಷಗಳಿಗೂ ಹೆಚ್ಚಿನ ಕತೆಯಿದೆ.

ಬಳ್ಳಾರಿಯವರಿಗೆ ಆ ಕತೆ ಪರದೇಶದ ಸುದ್ದಿಯಂತೆ ಕೇಳಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಊರಿನಲ್ಲಿ ಧರ್ಮವರಂ ಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ ಮತ್ತು ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ ಎಂಬ ಎರಡು ಹವ್ಯಾಸಿ ನಾಟಕ ಸಂಘಗಳಿದ್ದವು. ಹಗಲು ಕೋರ್ಟು ಕಚೇರಿಗಳಲ್ಲಿ ದುಡಿದವರು ರಾತ್ರಿ ಬಣ್ಣ ಹಚ್ಚುತ್ತಿದ್ದ ಆ ಪರಿಸರದಲ್ಲೇ ಬಳ್ಳಾರಿ ರಾಘವರು ಬೆಳೆದರು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ರಾಘವರಿಗೆ ವಕೀಲಿಯೇ ಜೀವನೋಪಾಯವಾಗಿತ್ತು. ರಂಗಭೂಮಿಯನ್ನು ಅವರು ಸಂಪಾದನೆಯ ದಾರಿಯಾಗಿ ನೋಡಲಿಲ್ಲ. ಶಾಲೆಯ ಕಟ್ಟಡಕ್ಕೆ, ಬರದ ಪರಿಹಾರಕ್ಕೆ, ಗುಡಿಯ ಜೀರ್ಣೋದ್ಧಾರಕ್ಕೆ ‘ಸಹಾಯಾರ್ಥ ಪ್ರದರ್ಶನ’ ಏರ್ಪಡಿಸುವ ರೂಢಿ ನಮ್ಮ ಭಾಗದಲ್ಲಿ ಬಹುಕಾಲ ಉಳಿದು ಬಂದಿದೆ. ಅಮೆರಿಕದ ಸೇವಾ ಬಂಗಲೆಗಳೂ ಮೂಲತಃ ಇದೇ ಬಗೆಯವು: ನಟರು ಊರಿನವರೇ, ಕೂಲಿ ಇಲ್ಲ, ಗಲ್ಲಾಪೆಟ್ಟಿಗೆ ಊರಿನ ಕೆಲಸಕ್ಕೆ.

ಹಣ ಕೊಟ್ಟು ಹೆದರಿಕೊಳ್ಳುವ ಆಟ ಇದಕ್ಕಿಂತ ಹಳೆಯದು. ಇಂಗ್ಲೆಂಡಿನ ಆರ್ಟನ್ ಅಂಡ್ ಸ್ಪೂನರ್ ಸಂಸ್ಥೆ 1915ರಲ್ಲಿ ತಯಾರಿಸಿದ, ಉಗಿಯಂತ್ರದ ಬಲದಿಂದ ನೆಲವನ್ನೇ ಅಲುಗಾಡಿಸುವ ಭೂತದ ಮನೆಯೊಂದು ಇಂದಿಗೂ ಆ ದೇಶದ ಹಾಲಿಕೂಂಬ್ ಉಗಿಯಂತ್ರ ಸಂಗ್ರಹಾಲಯದಲ್ಲಿದೆ. ಆದರೆ ಊರಿನವರೇ ಸೇರಿ ಭೂತದ ಮನೆ ಕಟ್ಟುವ ರೂಢಿ ಹುಟ್ಟಿದ್ದು ಅಮೆರಿಕದಲ್ಲಿ, 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ. ಅಕ್ಟೋಬರ್ 31ರ ಹ್ಯಾಲೊವೀನ್ ರಾತ್ರಿ ಹುಡುಗರ ಪುಂಡಾಟ ಮಿತಿ ಮೀರಿತ್ತು. 1933ರಲ್ಲಿ ಕಾರುಗಳನ್ನು ಮಗುಚಿ ಹಾಕಿ, ಟೆಲಿಫೋನ್ ಕಂಬಗಳನ್ನು ಗರಗಸದಿಂದ ಕೊಯ್ದ ಘಟನೆಗಳು ನಡೆದವು. ಕೆಲವು ಊರುಗಳು ಹಬ್ಬವನ್ನೇ ನಿಷೇಧಿಸುವ ಯೋಚನೆ ಮಾಡಿದರೆ, ಬಹಳಷ್ಟು ಕಡೆ ತಾಯಿತಂದೆಯರು ಜಾಣತನದಿಂದ ತಮ್ಮ ಮನೆಗಳ ನೆಲಮಾಳಿಗೆಗಳನ್ನೇ ಕತ್ತಲೆ ಮಾಡಿ, ಮಕ್ಕಳನ್ನು ಮನೆಯಿಂದ ಮನೆಗೆ ಸಾಲಾಗಿ ಕರೆದೊಯ್ದು ಹೆದರಿಸುವ ವ್ಯವಸ್ಥೆ ಮಾಡಿದರು. ಸಿಪ್ಪೆ ಸುಲಿದ ದ್ರಾಕ್ಷಿಯನ್ನು ಕತ್ತಲಲ್ಲಿ ಮುಟ್ಟಿಸಿ ಕಣ್ಣುಗುಡ್ಡೆಯೆಂದು ನಂಬಿಸುವುದು, ತಣ್ಣಗಾದ ಶಾವಿಗೆಯನ್ನು ಕರುಳೆನ್ನುವುದು ಇವೆಲ್ಲ ಬಳಕೆಗೆ ಬಂದವು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಊರಿನ ಶಾಂತಿಗೆ ಲಾಭ ದೊಡ್ಡದು.

ಇದು ಧನಸಂಗ್ರಹದ ಸಾಧನವಾದದ್ದು 1960ರ ದಶಕದಿಂದೀಚೆಗೆ. 1964ರಲ್ಲಿ ಇಂಡಿಯಾನಾಪೊಲಿಸ್ ನಗರದ ಮಕ್ಕಳ ವಸ್ತುಸಂಗ್ರಹಾಲಯಕ್ಕಾಗಿ ಅದರ ಸ್ವಯಂಸೇವಕಿಯರ ಬಳಗ ಒಂದು ಭೂತ ಬಂಗಲೆಯನ್ನು ಆರಂಭಿಸಿತು. ಬಂದ ಹಣವೆಲ್ಲ ಸಂಗ್ರಹಾಲಯಕ್ಕೆ. 1969ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತನ್ನ ಹಾಂಟೆಡ್ ಮ್ಯಾನ್ಷನ್ ತೆರೆದ ಮೇಲೆ ಈ ಬಗೆಯ ಮನರಂಜನೆಗೆ ದೇಶದಾದ್ಯಂತ ಕುತೂಹಲ ಹುಟ್ಟಿತು. ಆ ಕುತೂಹಲವನ್ನು ಊರೂರಿಗೆ ಒಯ್ದವರು ಜೇಸೀಸ್ ಸಂಸ್ಥೆಯವರು. ಕರ್ನಾಟಕದ ಅನೇಕ ಊರುಗಳಲ್ಲಿಯೂ ಜೇಸೀಸ್ ಘಟಕಗಳು ಇರುವುದರಿಂದ ಈ ಹೆಸರು ನಮಗೆ ಹೊಸದಲ್ಲ. ಯುವಕರಿಗೆ ಮುಂದಾಳ್ತನ ಕಲಿಸಬೇಕೆಂದು 1915ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಆರಂಭವಾದ ಈ ಚಳವಳಿ, 1970ರ ದಶಕದಲ್ಲಿ ಭೂತ ಬಂಗಲೆಯನ್ನು ತನ್ನ ಮುಖ್ಯ ಆದಾಯಮೂಲಗಳಲ್ಲಿ ಒಂದಾಗಿ ಮಾಡಿಕೊಂಡಿತು. ಬಂಗಲೆ ಕಟ್ಟುವ ಬಗೆಯನ್ನು ವಿವರಿಸುವ ಕೈಪಿಡಿ ಘಟಕದಿಂದ ಘಟಕಕ್ಕೆ ಹಂಚಿಹೋಯಿತು. ಒಂದು ಊರಿನಲ್ಲಿ ಕಲಿತ ತಂತ್ರ ಮರುವರ್ಷ ಬೇರೆ ಊರಿನಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಆ ಬಂಗಲೆಗಳ ಲೆಕ್ಕಾಚಾರ ಬಹಳ ಸರಳವಾಗಿತ್ತು, ಮುಂದೆ ಅವು ಬಿದ್ದುಹೋದದ್ದಕ್ಕೂ ಆ ಸರಳತೆಯೇ ಕಾರಣ. ಊರಿನಲ್ಲಿ ಖಾಲಿ ಬಿದ್ದ ಗೋದಾಮನ್ನೋ, ಮುಚ್ಚಿದ ಶಾಲೆಯನ್ನೋ, ಹಳೆಯ ಕಣಜವನ್ನೋ ಮಾಲೀಕರು ಒಂದೆರಡು ತಿಂಗಳ ಮಟ್ಟಿಗೆ ಪುಕ್ಕಟೆಯಾಗಿ ಬಿಟ್ಟುಕೊಡುತ್ತಿದ್ದರು. ಮರದ ಅಂಗಡಿಯವರು ಪ್ಲೈವುಡ್ ಕೊಡುತ್ತಿದ್ದರು. ಗೋಡೆಗೆ ಕಪ್ಪು ಪ್ಲಾಸ್ಟಿಕ್ ಹಾಳೆ, ಹಳೆಯ ಪರದೆ, ಒಣಹುಲ್ಲು. ಬಣ್ಣ ಹಚ್ಚುವವರು, ದೀಪ ಜೋಡಿಸುವವರು, ಕಿರುಚುವವರು ಎಲ್ಲರೂ ಸದಸ್ಯರು. ಹೊರಗೆ ಹೋಗುವ ಹಣ ಇಲ್ಲವೆನ್ನುವಷ್ಟು ಕಡಿಮೆ ಇದ್ದುದರಿಂದ ಟಿಕೆಟ್ ದರ ಅಗ್ಗವಾಗಿಟ್ಟರೂ ಮಿಕ್ಕ ಹಣ ದಾನಕ್ಕೆ ಸಾಕಾಗುತ್ತಿತ್ತು. ಹಣಕ್ಕಿಂತ ಮಿಗಿಲಾದ ಇನ್ನೊಂದು ಸಂಗತಿ ಇಲ್ಲಿತ್ತೆಂದು ನಾನು ನಂಬುತ್ತೇನೆ. ಹತ್ತನೆಯ ವಯಸ್ಸಿನಲ್ಲಿ ತಂದೆಯ ಕೈ ಹಿಡಿದು ನಡುಗುತ್ತ ಒಳಹೊಕ್ಕ ಹುಡುಗಿ ಹದಿನಾರಕ್ಕೆ ಅದೇ ಓಣಿಯಲ್ಲಿ ಪ್ರೇತವಾಗಿ ನಿಲ್ಲಬಹುದಿತ್ತು, ಮೂವತ್ತಕ್ಕೆ ಅದರ ಗಲ್ಲಾಪೆಟ್ಟಿಗೆ ನೋಡಿಕೊಳ್ಳಬಹುದಿತ್ತು. ನಮ್ಮ ಹಳ್ಳಿಗಳಲ್ಲಿ ದೊಡ್ಡಾಟದ ರಕ್ಕಸನ ಪಾತ್ರಧಾರಿ ಅಟ್ಟದ ಮೇಲೆ ಆರ್ಭಟಿಸಿದಾಗ ಬೆಚ್ಚಿಬಿದ್ದ ಮಗುವಿಗೆ, ಅವನು ಪಕ್ಕದ ಹೊಲದ ರೈತನೆಂದು ಮರುದಿನ ತಿಳಿದಾಗ ಆಗುವ ಬೆರಗು ಎಂಥದೋ, ಆ ಬಂಗಲೆಗಳು ತಮ್ಮ ಊರಿನ ಮಕ್ಕಳಿಗೆ ಕೊಟ್ಟ ಸಂತೋಷವೂ ಅಂಥದು.

ತಿರುವು ಬಂದದ್ದು 1984ರ ಮೇ 11ರ ಸಂಜೆ, ಅದೂ ಒಂದು ವಾಣಿಜ್ಯ ಉದ್ಯಾನದಲ್ಲಿ. ನ್ಯೂಜೆರ್ಸಿ ರಾಜ್ಯದ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಉದ್ಯಾನದಲ್ಲಿದ್ದ ಹಾಂಟೆಡ್ ಕ್ಯಾಸಲ್ ಎಂಬ ಭೂತದ ಕೋಟೆ, ಸರಕು ಸಾಗಿಸುವ 17 ಟ್ರೇಲರ್‌ಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ ಚಕ್ರವ್ಯೂಹವಾಗಿತ್ತು. ಕತ್ತಲಲ್ಲಿ ದಾರಿ ಕಾಣದೆ ಹುಡುಗನೊಬ್ಬ ಸಿಗರೇಟ್ ಲೈಟರ್ ಹೊತ್ತಿಸಿದ. ಬರುವವರ ತಲೆ ಗೋಡೆಗೆ ಬಡಿಯದಿರಲೆಂದು ಹಾಕಿದ್ದ ಫೋಮ್ ಪದರಕ್ಕೆ ಆ ಕಿಡಿ ತಗುಲಿತು. ಕೆಲವೇ ನಿಮಿಷಗಳಲ್ಲಿ ಹೊಗೆ ಓಣಿಗಳನ್ನು ತುಂಬಿತು. ನೀರು ಚಿಮ್ಮುವ ಸ್ಪ್ರಿಂಕ್ಲರ್ ವ್ಯವಸ್ಥೆಯಾಗಲಿ ಹೊಗೆ ಎಚ್ಚರಿಕೆಯ ಗಂಟೆಯಾಗಲಿ ಅಲ್ಲಿರಲಿಲ್ಲ. ಎಂಟು ಮಂದಿ ಹದಿಹರೆಯದವರು ಸತ್ತರು. ಒಳಹೊಕ್ಕ ರಕ್ಷಣಾ ಸಿಬ್ಬಂದಿ ಮೊದಲು ಆ ದೇಹಗಳನ್ನು ಪ್ರದರ್ಶನದ ಗೊಂಬೆಗಳೆಂದು ಭಾವಿಸಿದ್ದರು. ಆ ಕೋಟೆ ಐದಾರು ವರ್ಷಗಳಿಂದ ಅದೇ ಜಾಗದಲ್ಲಿ ನಿಂತಿದ್ದರೂ, ಚಕ್ರವಿರುವ ಟ್ರೇಲರ್‌ಗಳೆಂಬ ನೆಪದಲ್ಲಿ ದಾಖಲೆಗಳಲ್ಲಿ ‘ತಾತ್ಕಾಲಿಕ ರಚನೆ’ಯಾಗಿ ಉಳಿದಿತ್ತು, ಆದ್ದರಿಂದ ಕಟ್ಟಡ ನಿಯಮಗಳು ಅದಕ್ಕೆ ಅನ್ವಯಿಸಿರಲಿಲ್ಲ. ಮರುವರ್ಷ ನ್ಯಾಯಾಲಯ ಉದ್ಯಾನದ ಕಂಪನಿಯನ್ನು ಅಪರಾಧದ ಆರೋಪದಿಂದ ಬಿಡುಗಡೆ ಮಾಡಿತು. ಆದರೆ ತಾತ್ಕಾಲಿಕ ಎಂಬ ಮಾತಿನ ಮರೆಯಲ್ಲಿ ಜನರನ್ನು ಕತ್ತಲೆಗೆ ಕಳಿಸುವ ಅವಕಾಶವನ್ನು ದೇಶದ ಅಗ್ನಿ ಸುರಕ್ಷಾ ಸಂಹಿತೆಗಳು ಮುಂದೆ ಉಳಿಸಲಿಲ್ಲ.

ಭೂತ ಬಂಗಲೆಯ ವೈಶಿಷ್ಟ್ಯವೇ ಅದರ ಅಪಾಯ. ಕತ್ತಲೆ, ಹೊರಬಾಗಿಲು ಕಾಣದಂತೆ ತಿರುಚಿದ ದಾರಿ, ಕಿವಿಗಡಚಿಕ್ಕುವ ಸದ್ದು, ಏನು ಕಂಡರೂ ಆಟವೆಂದೇ ಭಾವಿಸುವ ಮನಸ್ಸು ಇವೆಲ್ಲ ಸೇರಿದಾಗ, ನಿಜವಾದ ಹೊಗೆ ಎದ್ದರೂ ಜನ ಅದನ್ನು ನಂಬುವುದು ತಡವಾಗುತ್ತದೆ. ಅಮೆರಿಕದ ಜೀವ ಸುರಕ್ಷಾ ಸಂಹಿತೆ ಇಂಥ ಕಟ್ಟಡಗಳನ್ನು ‘ವಿಶೇಷ ಮನರಂಜನಾ ಕಟ್ಟಡ’ ಎಂಬ ಪ್ರತ್ಯೇಕ ವರ್ಗಕ್ಕೆ ಸೇರಿಸಿದ್ದು ಇದೇ ಕಾರಣಕ್ಕೆ. ಸ್ಪ್ರಿಂಕ್ಲರ್ ಕಡ್ಡಾಯ, ಹೊಗೆ ಪತ್ತೆಯಾದ ಕ್ಷಣ ದೀಪಗಳು ಹೊತ್ತಿಕೊಳ್ಳಬೇಕು, ಚೀರಾಟದ ಧ್ವನಿಮುದ್ರಿಕೆ ತಾನಾಗಿ ನಿಲ್ಲಬೇಕು, ಹೊರದಾರಿ ಕಾಣಬೇಕು, ಒಳಗಿನ ಅಲಂಕಾರ ಬೆಂಕಿಗೆ ಸುಲಭವಾಗಿ ಹೊತ್ತಿಕೊಳ್ಳದ ವಸ್ತುವಿನದಾಗಿರಬೇಕು. 10 ಅಡಿಗಿಂತ ಕಡಿಮೆ ಎತ್ತರದ, 160 ಚದರ ಅಡಿಗಿಂತ ಚಿಕ್ಕದಾದ ರಚನೆಗೆ ಮಾತ್ರ ಸ್ಪ್ರಿಂಕ್ಲರ್‌ನಿಂದ ವಿನಾಯಿತಿ. ಅಂದರೆ ನಮ್ಮಲ್ಲಿನ ಒಂದು ಸಾಧಾರಣ ಮಲಗುವ ಕೋಣೆಯಷ್ಟು ಜಾಗ.

ಈ ನಿಯಮಗಳು ಸರಿಯಾದವು. ಊರಿನ ಮೇಲಿನ ಪ್ರೀತಿಯಿಂದ ನಡೆಸುವ ಬಂಗಲೆಯೆಂಬ ಕಾರಣಕ್ಕೆ ಅದರೊಳಗಿನ ಬೆಂಕಿ ಕಡಿಮೆ ಸುಡುವುದಿಲ್ಲ. ಆದರೆ ಪುಕ್ಕಟೆ ಗೋದಾಮು, ಪುಕ್ಕಟೆ ಪ್ಲೈವುಡ್, ಪುಕ್ಕಟೆ ದುಡಿಮೆಯ ಮೇಲೆ ನಿಂತಿದ್ದ ಲೆಕ್ಕ ಈ ನಿಯಮಗಳಿಂದ ಬುಡಮೇಲಾಯಿತು. ಖಾಲಿ ಬಿದ್ದ ಹಳೆಯ ಕಟ್ಟಡ ಸಿಗುತ್ತಿದ್ದುದೇ ಅದು ಹಳೆಯದೆಂಬ ಕಾರಣಕ್ಕೆ. ಅದಕ್ಕೆ ಸ್ಪ್ರಿಂಕ್ಲರ್ ಕೊಳವೆ ಎಳೆಸಲು, ವಿದ್ಯುತ್ ತಂತಿ ಬದಲಿಸಲು ತಗಲುವ ಖರ್ಚು ಹಲವು ವರ್ಷಗಳ ಟಿಕೆಟ್ ಹಣವನ್ನೇ ನುಂಗಬಲ್ಲದು. ಆ ಖರ್ಚು ಮಾಡಿದ ಮೇಲೆ ಮಾಲೀಕರು ಕಟ್ಟಡವನ್ನು ಮಾರಿದರೆ ಮುಂದಿನ ವರ್ಷ ಮತ್ತೆ ಮೊದಲಿನಿಂದ. ಇದರ ಜೊತೆಗೆ 1985-86ರ ಸುಮಾರಿಗೆ ಅಮೆರಿಕದಲ್ಲಿ ಹೊಣೆಗಾರಿಕೆ ವಿಮೆಯ ಕಂತು ವಿಪರೀತವಾಗಿ ಏರಿ, ಊರಿನ ಉದ್ಯಾನಗಳಿಂದ ಹಿಡಿದು ಸಣ್ಣ ಸೇವಾ ಸಂಸ್ಥೆಗಳವರೆಗೆ ಎಲ್ಲರಿಗೂ ಬಿಸಿ ತಟ್ಟಿತು.

ಉಳಿದುಕೊಂಡ ಬಂಗಲೆಗಳಿಗೆ 1990ರ ದಶಕದಿಂದ ವಾಣಿಜ್ಯ ಬಂಗಲೆಗಳ ಪೈಪೋಟಿ ಎದುರಾಯಿತು. ಯಂತ್ರಚಾಲಿತ ರಾಕ್ಷಸರು, ಸಿಲಿಕೋನ್ ಮುಖವಾಡಗಳು, ಸಂಬಳದ ನಟರು. ದ್ರಾಕ್ಷಿ ಹಣ್ಣಿಗೆ ಹೆದರುವ ಕಾಲ ಕಳೆದಿತ್ತು.

ಇನ್ನು ‘ಜನ ಸಿಗುತ್ತಿಲ್ಲ’ ಎಂಬ ಮಾತು. 1981ರ ಆಗಸ್ಟ್‌ನಲ್ಲಿ ಅಮೆರಿಕದ ಜೇಸೀಸ್‌ಗೆ ಸುಮಾರು 2,95,000 ಸದಸ್ಯರೂ 7,400 ಸ್ಥಳೀಯ ಘಟಕಗಳೂ ಇದ್ದವು. ಪೂರ್ಣ ಸದಸ್ಯತ್ವ 18ರಿಂದ 35 ವರ್ಷದ ಗಂಡಸರಿಗೆ ಮಾತ್ರವಿತ್ತು. ಹೆಣ್ಣುಮಕ್ಕಳು ಸಹಸದಸ್ಯರಾಗಿ ದುಡಿಯಬಹುದಿತ್ತು, ಮತ ಹಾಕುವಂತಿರಲಿಲ್ಲ. ಹಾಂಟೆಡ್ ಕ್ಯಾಸಲ್ ಸುಟ್ಟ ಎರಡು ತಿಂಗಳೊಳಗೆ, 1984ರ ಜುಲೈ 3ರಂದು, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಮಹಿಳೆಯರನ್ನು ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳಬೇಕೆಂಬ ಮಿನ್ನೆಸೋಟ ರಾಜ್ಯದ ಕಾನೂನನ್ನು ಎತ್ತಿಹಿಡಿಯಿತು. ನ್ಯಾಯವಾದ ಆ ತೀರ್ಪು ಸಂಸ್ಥೆಯ ಬಾಗಿಲನ್ನು ಅಗಲ ಮಾಡಿತಾದರೂ ವಯಸ್ಸಿನ ಗೋಡೆ ಹಾಗೆಯೇ ಉಳಿಯಿತು. ಮುಂದೆ ಅದನ್ನು ಕೆಲವು ವರ್ಷ ಮೇಲಕ್ಕೆ ಸರಿಸಿದರೂ ತೆಗೆದುಹಾಕಲಿಲ್ಲ. ಬಂಗಲೆಯ ತಂತಿ ಎಲ್ಲಿ ಹಾದಿದೆ, ಯಾವ ಬಾಗಿಲು ಬಿಗಿಯಾಗಿದೆ ಎಂಬುದೆಲ್ಲ ಗೊತ್ತಿರುವ ಅನುಭವಿಯೇ ವಯಸ್ಸಾಯಿತೆಂದು ಹೊರಹೋಗಬೇಕಾದ ಸಂಸ್ಥೆಗೆ ಪ್ರತಿವರ್ಷ ಹೊಸಬರು ಬರುತ್ತಲೇ ಇರಬೇಕು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ, ವಾರಾಂತ್ಯವೂ ದುಡಿಯುವ ಕಾಲದಲ್ಲಿ ಅವರು ಬರಲಿಲ್ಲ. ಇಂದು ಆ ಸಂಖ್ಯೆಯ ಸಣ್ಣ ಪಾಲು ಮಾತ್ರ ಉಳಿದಿದೆ.

ಸ್ವಯಂಸೇವೆಯೇ ಬತ್ತಿಹೋಗಿದೆ ಎಂದು ಹೇಳುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಪಕ್ಕದ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹವನ್ನು ನೋಡಿದವರಿಗೆ ಇದು ಗೊತ್ತು. ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ, ಮಾದಲಿ, ಕಾಳುಕಡಿ ವಾಹನಗಳಲ್ಲಿ ಬರುತ್ತವೆ. ಲಕ್ಷಾಂತರ ಜನರಿಗೆ ಉಣಬಡಿಸುವವರಲ್ಲಿ ಅಜ್ಜಿಯರೂ ಇದ್ದಾರೆ, ಕಾಲೇಜಿನ ಹುಡುಗರೂ ಇದ್ದಾರೆ. ಅಲ್ಲಿ ವಯಸ್ಸಿನ ಮಿತಿಯಿಲ್ಲ, ಒಬ್ಬರ ಮೇಲೆಯೇ ತಿಂಗಳುಗಟ್ಟಲೆ ಭಾರ ಬೀಳುವುದಿಲ್ಲ, ಮತ್ತು ಬಹುಮುಖ್ಯವಾಗಿ, ಜಾಗ ಮಠದ್ದು. ಪ್ರತಿವರ್ಷ ನೆಲ ಹುಡುಕುವ ಚಿಂತೆ ಸ್ವಯಂಸೇವಕರಿಗಿಲ್ಲ. ಇಂಡಿಯಾನಾಪೊಲಿಸ್‌ನ ಬಂಗಲೆ ಅರ್ಧ ಶತಮಾನಕ್ಕೂ ಮೀರಿ ನಡೆದು ಬರಲು, ಅದರ ಬೆನ್ನಿಗೆ ಒಂದು ದೊಡ್ಡ ವಸ್ತುಸಂಗ್ರಹಾಲಯ ಇದ್ದುದೇ ಕಾರಣವೆಂದು ನನಗನ್ನಿಸುತ್ತದೆ. ಅಂಥ ಆಸರೆಯಿಲ್ಲದ ಬಂಗಲೆಗಳು 2020ರ ಕೋವಿಡ್ ವರ್ಷದಲ್ಲಿ ಒಂದು ಹಂಗಾಮು ಕಳೆದುಕೊಂಡಾಗ, ಬಾಡಿಗೆ ನಿಲ್ಲದೆ ಆದಾಯ ಮಾತ್ರ ನಿಂತಾಗ, ಅನೇಕ ಕಡೆ ಮತ್ತೆ ತೆರೆಯುವ ಶಕ್ತಿ ಉಳಿಯಲಿಲ್ಲ. ಕೆಲವರು ಕಟ್ಟಡ ಬಿಟ್ಟು ತೋಟ ಕಾಡುಗಳ ನಡುವಿನ ತೆರೆದ ದಾರಿಗಳಲ್ಲಿ ಆಟ ಮುಂದುವರಿಸಿದರು.

ನಮ್ಮಲ್ಲಿಯೂ ‘ತಾತ್ಕಾಲಿಕ’ ಎಂಬ ಮಾತಿಗೆ ತೆತ್ತ ಬೆಲೆ ಕಡಿಮೆಯಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ಸಮಾರಂಭದ ಶಾಮಿಯಾನ ಹೊತ್ತಿ 400ಕ್ಕೂ ಹೆಚ್ಚು ಜನ ಸುಟ್ಟುಹೋದರು. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್ ನಗರದ ಗೇಮ್ ಝೋನ್ ದುರಂತದಲ್ಲಿ 27 ಮಂದಿಯನ್ನು ಬಲಿ ತೆಗೆದುಕೊಂಡ ತಗಡಿನ ಶೆಡ್ಡಿಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವಿರಲಿಲ್ಲ. ಪೆಂಡಾಲುಗಳಿಗೆಂದೇ ಐಎಸ್ 8758 ಎಂಬ ಭಾರತೀಯ ಮಾನಕವಿದೆ. ಕೃತಕ ನೂಲಿನ ಬಟ್ಟೆ ಮತ್ತು ಹಗ್ಗ ಬಳಸಬಾರದು, ವಿದ್ಯುತ್ ತಂತಿಯ ಕೆಳಗೆ ಪೆಂಡಾಲು ಹಾಕಬಾರದು, ಚಾವಣಿ ಕನಿಷ್ಠ 3 ಮೀಟರ್ ಎತ್ತರವಿರಬೇಕು ಎಂಬಂಥ ಸೂಚನೆಗಳು ಅದರ ಆಧಾರದ ಮೇಲೆ ಜಾರಿಯಲ್ಲಿವೆ. ಇವನ್ನು ಪಾಲಿಸುವ ಖರ್ಚನ್ನು ಚಂದಾ ಎತ್ತಿ ನಾಟಕ ಮಾಡುವ ಹುಡುಗರ ತಲೆಗೇ ಕಟ್ಟಿದರೆ, ಅವರು ನಿಯಮ ಮೀರುತ್ತಾರೆ ಇಲ್ಲವೇ ನಾಟಕ ಬಿಡುತ್ತಾರೆ. ಬಳ್ಳಾರಿಯ ರಾಘವ ಕಲಾಮಂದಿರದಂಥ ಸಭಾಂಗಣಗಳನ್ನು ಸಹಾಯಾರ್ಥ ಪ್ರದರ್ಶನಗಳಿಗೆ ಅವರ ಕೈಗೆಟಕುವ ಬಾಡಿಗೆಯಲ್ಲಿ, ಬೆಂಕಿಯಿಂದ ಸುರಕ್ಷಿತವಾದ ಸ್ಥಿತಿಯಲ್ಲಿ ಒದಗಿಸುವುದು, ಜಾತ್ರೆ ಮೈದಾನಗಳಲ್ಲಿ ನೀರಿನ ಕೊಳವೆಯನ್ನೂ ಅಗಲವಾದ ಹೊರದಾರಿಯನ್ನೂ ಕಾಯಂ ಆಗಿ ಮಾಡಿಡುವುದು ಪಾಲಿಕೆ ಮತ್ತು ಜಿಲ್ಲಾಡಳಿತದ ಕೆಲಸ.