ಮೂರು ಫೇಸಿನ ಹೀಟರಿಗೆ ಎಸ್‌ಎಸ್‌ಆರ್: ಕಾಂಟ್ಯಾಕ್ಟರನ್ನು ತೆಗೆಯಬೇಡಿ

ಕುಮಟಾದ ಗೇರುಬೀಜ ಕಾರ್ಖಾನೆಯ ಡ್ರೈಯರ್ ಇರಲಿ, ಶಿರಸಿ ಸೀಮೆಯ ಅಡಿಕೆ ಡ್ರೈಯರ್ ಇರಲಿ, ವಿದ್ಯುತ್ ಹೀಟರನ್ನು 20 ಸೆಕೆಂಡಿಗೊಮ್ಮೆ ಹಾಕಿ ತೆಗೆಯುವ ಕೆಲಸವನ್ನು ಕಾಂಟ್ಯಾಕ್ಟರಿಗೆ, ಅಂದರೆ ಕಾಯಿಲಿನ ಸೆಳೆತದಿಂದ ಕೂಡಿ ಬಿಡುವ ದೊಡ್ಡ ಸ್ವಿಚ್ಚಿಗೆ, ಒಪ್ಪಿಸಿದರೆ ಅದು ದಿನಕ್ಕೆ 4,320 ಸಲ ಬಡಿದುಕೊಳ್ಳಬೇಕಾಗುತ್ತದೆ. ಚಲಿಸುವ ಭಾಗಗಳೇ ಇಲ್ಲದ ಸಾಲಿಡ್ ಸ್ಟೇಟ್ ರಿಲೇ, ಅಂದರೆ ಎಸ್‌ಎಸ್‌ಆರ್, ಈ ಕೆಲಸಕ್ಕೆ ನಿಜಕ್ಕೂ ಯೋಗ್ಯ. ಆದರೆ ಅದನ್ನು ಹಾಕಿದೊಡನೆ ಕಾಂಟ್ಯಾಕ್ಟರನ್ನು ಪ್ಯಾನೆಲಿನಿಂದ ಕಿತ್ತೇ ಹಾಕುವುದನ್ನು ನಾನು ಒಪ್ಪಲಾರೆ.

ಮೂರು ಕಾಯಿಲ್‌ಗಳ ಒಂದೊಂದು ತುದಿಯನ್ನು ಒಂದೇ ಕಡೆ ಸೇರಿಸಿ, ಅಲ್ಲಿಗೆ ನ್ಯೂಟ್ರಲ್ ತಂತಿ ಕೊಡದ ಸ್ಟಾರ್ ಜೋಡಣೆಯ 9 ಕಿಲೋವ್ಯಾಟ್ ಹೀಟರನ್ನು ತೆಗೆದುಕೊಳ್ಳೋಣ. 415 ವೋಲ್ಟಿನಲ್ಲಿ ಪ್ರತಿ ಫೇಸಿನಲ್ಲಿ ಸುಮಾರು 12.5 ಆಂಪಿಯರ್ ಹರಿಯುತ್ತದೆ. ಎರಡು ಫೇಸುಗಳನ್ನು ಕಡಿದರೆ ಕರೆಂಟಿಗೆ ಮರಳುವ ದಾರಿಯೇ ಇರುವುದಿಲ್ಲವಾದ್ದರಿಂದ ಇಲ್ಲಿ ಎರಡೇ ಎಸ್‌ಎಸ್‌ಆರ್ ಸಾಕು, ಮೂರನೆಯ ಫೇಸನ್ನು ನೇರವಾಗಿ ಕೊಡಬಹುದು. ಕಾಯಿಲ್‌ಗಳನ್ನು ತ್ರಿಕೋನವಾಗಿ ಜೋಡಿಸುವ ಡೆಲ್ಟಾಕ್ಕೂ ಎರಡೇ ಸಾಕು. ನ್ಯೂಟ್ರಲ್ ಕೂಡಿಸಿದ ಸ್ಟಾರಿಗೆ ಮಾತ್ರ ಮೂರೂ ಬೇಕು.

ಎಸ್‌ಎಸ್‌ಆರ್ ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಆಫ್ ಆಗದೆ ಆನ್ ಆಗಿಯೇ ಉಳಿಯುತ್ತದೆ. ಮೇಲಿನ ಜೋಡಣೆಯಲ್ಲಿ ಒಂದು ಹಾಗೆ ಕೆಟ್ಟರೆ, ಉಷ್ಣತೆ ನೋಡಿ ಎಸ್‌ಎಸ್‌ಆರ್‌ಗಳನ್ನು ನಡೆಸುವ ಕಂಟ್ರೋಲರ್ ‘ಸಾಕು’ ಎಂದು ನಿಲ್ಲಿಸಿದ ಮೇಲೂ ಆ ಫೇಸಿಗೂ ನೇರ ಫೇಸಿಗೂ ನಡುವೆ ಹೀಟರಿನ ಎರಡು ಕಾಯಿಲ್‌ಗಳು ಸಾಲಾಗಿ ಸೇರಿ ಸುಮಾರು ನಾಲ್ಕೂವರೆ ಕಿಲೋವ್ಯಾಟ್, ಎಂದರೆ ಅರ್ಧ ಶಾಖ, ಎಡೆಬಿಡದೆ ಬರುತ್ತಲೇ ಇರುತ್ತದೆ. ರಾತ್ರಿ ಕಾವಲಿಲ್ಲದ ಡ್ರೈಯರಿನಲ್ಲಿ ತಿರುಳು ಕರಕಲಾಗಲು, ಬೆಂಕಿ ಹತ್ತಲು ಕೂಡ, ಅಷ್ಟು ಸಾಕು. ಆದ್ದರಿಂದ ಎಸ್‌ಎಸ್‌ಆರ್‌ಗಳ ಮುಂದೆ ಮೂರೂ ಫೇಸುಗಳನ್ನು ಕಡಿಯುವ ಕಾಂಟ್ಯಾಕ್ಟರ್ ಇರಬೇಕು, ಅದರ ಕಾಯಿಲನ್ನು ಕಂಟ್ರೋಲರಿಗೆ ಸಂಬಂಧವಿಲ್ಲದ, ತನ್ನದೇ ಸೆನ್ಸರ್ ಇರುವ ಥರ್ಮೋಸ್ಟಾಟ್ ನಿಯಂತ್ರಿಸಬೇಕು. ಅಪರೂಪಕ್ಕೆ ಕೆಲಸ ಮಾಡುವ ಈ ಕಾಂಟ್ಯಾಕ್ಟರ್ ಬೇಗ ಸವೆಯುವುದೂ ಇಲ್ಲ.

ರಿಪೇರಿಗೆ ಕೈ ಹಾಕುವವರು ಮೇನ್ ಐಸೊಲೇಟರನ್ನೇ, ಅಂದರೆ ಮುಖ್ಯ ಸ್ವಿಚ್ಚನ್ನೇ, ಆಫ್ ಮಾಡಬೇಕು: ಎಸ್‌ಎಸ್‌ಆರ್‌ಗಳು ಆಫ್ ಆಗಿದ್ದರೂ ನೇರ ಫೇಸು ಜೀವಂತವೇ, ಜೊತೆಗೆ ಆಫ್ ಆಗಿರುವ ಎಸ್‌ಎಸ್‌ಆರ್ ಮೂಲಕವೂ ಕೆಲವು ಮಿಲಿಆಂಪಿಯರ್ ಸೋರುತ್ತಿರುತ್ತದೆ.

ಕರಾವಳಿಯಲ್ಲಿ ನಿಜವಾದ ತೊಡಕು ಶಾಖದ್ದು. ಎಸ್‌ಎಸ್‌ಆರ್ ಆಂಪಿಯರಿಗೆ ಒಂದು ವ್ಯಾಟಿಗಿಂತ ತುಸು ಹೆಚ್ಚು ಶಾಖವನ್ನು ತಾನೇ ಉಗುಳುತ್ತದೆ. ನಮ್ಮ ಉದಾಹರಣೆಯಲ್ಲಿ ಒಂದೊಂದಕ್ಕೆ ಸುಮಾರು 16 ವ್ಯಾಟ್. ಅದರ ಮೈಮೇಲೆ 40 ಆಂಪಿಯರ್ ಎಂದು ಬರೆದಿದ್ದರೂ ಹೀಟ್ ಸಿಂಕ್, ಅಂದರೆ ಶಾಖವನ್ನು ಹೊರಬಿಡುವ ರೆಕ್ಕೆಗಳ ಲೋಹದ ತುಂಡು, ಇಲ್ಲದೆ ಅದು ಕೆಲವೇ ಆಂಪಿಯರ್ ತಾಳುತ್ತದೆ. ಉಪ್ಪುಗಾಳಿ, ಮಳೆಯ ತೇವ ಒಳಗೆ ಬಾರದಿರಲೆಂದು ಪ್ಯಾನೆಲನ್ನು ಪೂರ್ತಿ ಮುಚ್ಚಿದರೆ ಶಾಖ ಒಳಗೇ ಕೂರುತ್ತದೆ. ಫ್ಯಾನ್ ಹಾಕಿದರೆ ಅದೇ ಉಪ್ಪನ್ನು ಎಳೆದು ತರುತ್ತದೆ. ಹೀಟ್ ಸಿಂಕನ್ನು ಪ್ಯಾನೆಲಿನ ಹಿಂಬದಿಗೆ, ರೆಕ್ಕೆಗಳು ಹೊರಗೆ ಲಂಬವಾಗಿ ನಿಲ್ಲುವಂತೆ ಕೂರಿಸಿ, ಕೊರೆದ ಜಾಗಕ್ಕೆ ಗ್ಯಾಸ್ಕೆಟ್ ಕೊಟ್ಟು, ಎಸ್‌ಎಸ್‌ಆರ್ ಅಡಿಗೆ ಥರ್ಮಲ್ ಪೇಸ್ಟನ್ನು ತೆಳುವಾಗಿ ಸವರುವುದನ್ನೇ ನಾನು ಸೂಚಿಸುತ್ತೇನೆ. ಮೂರರ ಬದಲು ಎರಡೇ ಎಸ್‌ಎಸ್‌ಆರ್ ಹಾಕುವ ಜೋಡಣೆಯಲ್ಲಿ ಈ ಶಾಖದ ಮೂರನೇ ಒಂದು ಪಾಲು ಕಡಿಮೆಯಾಗುವುದೂ ಇಲ್ಲಿ ನೆರವಿಗೆ ಬರುತ್ತದೆ.

ಕೊಳ್ಳುವಾಗ 240 ವೋಲ್ಟಿನದ್ದನ್ನಲ್ಲ, 480 ವೋಲ್ಟಿನದ್ದನ್ನೇ ಕೇಳಿ. ಶಾರ್ಟ್ ಸರ್ಕ್ಯೂಟಿನಲ್ಲಿ ಸಾಮಾನ್ಯ ಎಂಸಿಬಿ (ಕರೆಂಟ್ ಹೆಚ್ಚಾದಾಗ ತಾನೇ ಬೀಳುವ ಸ್ವಿಚ್) ಬೀಳುವಷ್ಟರಲ್ಲಿ ಎಸ್‌ಎಸ್‌ಆರ್ ಸುಟ್ಟುಹೋಗಿರಬಹುದಾದ್ದರಿಂದ ಅದಕ್ಕಿಂತ ಬೇಗ ಕಡಿಯುವ ಸೆಮಿಕಂಡಕ್ಟರ್ ಫ್ಯೂಸ್ ಹಾಕಿಸಿ. ಮಳೆಗಾಲ ಕಳೆದ ಮೇಲೆ ಟರ್ಮಿನಲ್ ಸ್ಕ್ರೂಗಳನ್ನು ಬಿಗಿಮಾಡಿಸಿ, ಥರ್ಮೋಸ್ಟಾಟಿನ ಮಿತಿಯನ್ನು ಒಮ್ಮೆ ಕೆಳಗಿಳಿಸಿ ಕಾಂಟ್ಯಾಕ್ಟರ್ ಕರೆಂಟನ್ನು ಕಡಿಯುತ್ತದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.