ಒಂಟಿ ಒಡಲು, ಜೋಡಿ ಒಡಲು: ದೋಣಿ ಮಗುಚುವ ಲೆಕ್ಕ

ನಿನ್ನೆ ರಾತ್ರಿ ಕೊನೆಗೂ ತಲೆಗೆ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಹಾಯಿದೋಣಿ ತರಬೇತಿಯ ಥಿಯರಿ ಪರೀಕ್ಷೆಗೆ ಓದುತ್ತಾ ನನ್ನ ಹಾಗೆಯೇ ‘ಸ್ಥಿರತೆ’ಯ ಪಾಠದಲ್ಲಿ ಸಿಕ್ಕಿಕೊಂಡವರಿಗೆ ಇದು. ಹಾಯಿ, ಚುಕ್ಕಾಣಿ, ಗಾಳಿಯ ದಿಕ್ಕು ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ.

ನನ್ನ ಗೊಂದಲ ಇಷ್ಟೇ. ಪುಸ್ತಕದ ಒಂದು ಪುಟದಲ್ಲಿ ‘ಕ್ಯಾಟಮರಾನ್ ಒಂಟಿ ಒಡಲಿನ ದೋಣಿಗಿಂತ ಹೆಚ್ಚು ಸ್ಥಿರ’ ಎಂದಿದೆ. (ಒಡಲು ಎಂದರೆ ನೀರಿನಲ್ಲಿ ಕೂರುವ ದೋಣಿಯ ಮೈ. ಕ್ಯಾಟಮರಾನಿಗೆ ಅಂಥವು ಎರಡು.) ಎರಡು ಪುಟ ದಾಟಿದರೆ ‘ದೊಡ್ಡ ಕ್ಯಾಟಮರಾನ್ ಮಗುಚಿದರೆ ತಾನಾಗಿ ಏಳುವುದಿಲ್ಲ’ ಎಂದಿದೆ. ಸ್ಥಿರವಾದದ್ದು ಯಾಕೆ ಏಳುವುದಿಲ್ಲ? ವಾರವಿಡೀ ಇದೇ ಪ್ರಶ್ನೆ ಹಿಡಿದು ಕೂತಿದ್ದೆ.

ಹೆಸರಿನ ಬಗ್ಗೆ ಒಂದು ಮಾತು. ಕ್ಯಾಟಮರಾನ್ ಎಂಬುದು ತಮಿಳಿನ ‘ಕಟ್ಟುಮರಂ’ನಿಂದ ಹೋದ ಪದ. ಕಟ್ಟು, ಮರ ಎರಡೂ ನಮ್ಮವೇ, ಹಾಗಾಗಿ ಕನ್ನಡದವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಕಟ್ಟುಮರ ದಿಮ್ಮಿಗಳನ್ನು ಒತ್ತಾಗಿ ಕಟ್ಟಿದ ತೆಪ್ಪ. ಎರಡು ಒಡಲುಗಳನ್ನು ದೂರ ಇಟ್ಟು ಜೋಡಿಸುವ ಕ್ರಮ ಪೆಸಿಫಿಕ್ ದ್ವೀಪಗಳದ್ದು. ಹೆಸರು ಇಲ್ಲಿಯದು, ರಚನೆ ಅಲ್ಲಿಯದು.

ಯಾವ ಬಿಂದು ಸರಿಯುತ್ತದೆ?

ನಾನು ಎಡವಿದ ಮೆಟ್ಟಿಲು ಇದೇ. ದೋಣಿಯ ಮೇಲೆ ಎರಡು ಬಲಗಳಿವೆ. ಒಂದು ತೂಕ, ಕೆಳಕ್ಕೆ. ಇನ್ನೊಂದು ನೀರು ಎತ್ತುವ ಬಲ, ಮೇಲಕ್ಕೆ. ತೂಕ ಹಾದುಹೋಗುವ ಜಾಗವನ್ನು ತೂಕದ ಬಿಂದು ಎನ್ನೋಣ, ನೀರು ಎತ್ತುವ ಜಾಗವನ್ನು ತೇಲುಬಿಂದು ಎನ್ನೋಣ. ದೋಣಿ ವಾಲಿದಾಗ ‘ತೂಕ ಆ ಕಡೆಗೆ ಹೋಯಿತು’ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ. ಆ ಮಾತೇ ನನ್ನನ್ನು ದಾರಿ ತಪ್ಪಿಸಿತು. ತೂಕದ ಬಿಂದು ದೋಣಿಯೊಳಗೆ ಎಲ್ಲಿಗೂ ಹೋಗುವುದಿಲ್ಲ. ದೋಣಿಯಲ್ಲಿರುವ ಜನವೋ ಸಾಮಾನೋ ಜಾಗ ಬದಲಿಸಿದರೆ ಮಾತ್ರ ಅದು ಸರಿಯುತ್ತದೆ. ಬರೀ ವಾಲುವಿಕೆಯಿಂದ ಸರಿಯುವುದು ತೇಲುಬಿಂದು, ಯಾಕೆಂದರೆ ನೀರಲ್ಲಿ ಮುಳುಗಿದ ಭಾಗದ ಆಕಾರ ಬದಲಾಗುತ್ತದೆ.

ಇನ್ನೊಮ್ಮೆ, ನಿಧಾನವಾಗಿ. ದೋಣಿ ಬಲಕ್ಕೆ ವಾಲಿತು. ಬಲಗಡೆ ಹೆಚ್ಚು ಮುಳುಗಿತು. ಹಾಗಾಗಿ ನೀರು ಈಗ ಬಲಗಡೆಯಿಂದ ಎತ್ತುತ್ತಿದೆ. ತೂಕ ಮಾತ್ರ ನಡುವಿನಿಂದಲೇ ಕೆಳಕ್ಕೆ ಜಗ್ಗುತ್ತಿದೆ. ಒಂದು ಕಡೆ ಎತ್ತು, ಇನ್ನೊಂದು ಕಡೆ ಜಗ್ಗು: ದೋಣಿ ಎಡಕ್ಕೆ ತಿರುಗಿ ನೆಟ್ಟಗಾಗುತ್ತದೆ. ಈ ಎರಡು ಗೆರೆಗಳ ನಡುವಿನ ಅಡ್ಡ ಅಂತರಕ್ಕೆ ‘ತೋಳು’ ಎಂದು ಹೆಸರು. ತೋಳು ಇರುವವರೆಗೆ ದೋಣಿ ಮರಳುತ್ತದೆ. ಸೊನ್ನೆಯಾದ ಮೇಲೆ ಮಗುಚುತ್ತದೆ.

ಕ್ಯಾಟಮರಾನಿನಲ್ಲಿ ಮೊದಲ 10 ಡಿಗ್ರಿಯ ಆಸುಪಾಸಿನಲ್ಲೇ ಗಾಳಿ ಬರುವ ಕಡೆಯ ಒಡಲು ನೀರಿನಿಂದ ಪೂರ್ತಿ ಮೇಲೇಳುತ್ತದೆ. ಎಂದರೆ ತೇಲುಬಿಂದು ಅಷ್ಟರಲ್ಲೇ ಆಚೆ ಒಡಲಿನ ಅಡಿಗೆ ಹೋಗಿ ಮುಟ್ಟಿಯಾಯಿತು. ಇನ್ನು ಸರಿಯಲು ಅದಕ್ಕೆ ಜಾಗವೇ ಇಲ್ಲ. ಇದ್ದ ಗಂಟನ್ನೆಲ್ಲ ಮೊದಲ ದಿನವೇ ಖರ್ಚು ಮಾಡಿದ ಹಾಗೆ. ಅಲ್ಲಿಂದ ಮುಂದೆ ತೋಳು ಕುಗ್ಗುತ್ತಲೇ ಹೋಗುತ್ತದೆ.

ಒಂಟಿ ಒಡಲಿನ ಕೀಲ್ ದೋಣಿಯಲ್ಲಿ ತಳಕ್ಕೆ ಸೀಸವನ್ನೋ ಕಬ್ಬಿಣವನ್ನೋ ಇಳಿಬಿಟ್ಟಿರುತ್ತಾರೆ. ಹಾಗೆ ಕೆಳಕ್ಕೆ ಚಾಚಿದ ಭಾರದ ರೆಕ್ಕೆಯೇ ಕೀಲ್. ತೇಲುಬಿಂದು ಅಷ್ಟೇನೂ ಸರಿಯುವುದಿಲ್ಲ, ಆದರೆ ತೂಕ ಕೆಳಗಿರುವುದರಿಂದ ಬಹಳ ದೂರದವರೆಗೆ ವಾಲಿದಷ್ಟೂ ತೋಳು ಬೆಳೆಯುತ್ತದೆ. ತಂಜಾವೂರು ಗೊಂಬೆಯನ್ನು ನೆನಪಿಸಿಕೊಳ್ಳಿ. ಸಣ್ಣದಾಗಿ ತಳ್ಳಿದರೂ ಅಲುಗಾಡುತ್ತದೆ, ಪೂರ್ತಿ ಮಲಗಿಸಿದರೂ ಏಳುತ್ತದೆ.

ನನ್ನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ‘ಸ್ಥಿರ’ ಎಂಬ ಒಂದೇ ಪದದಲ್ಲಿ ಎರಡು ಪ್ರಶ್ನೆಗಳಿವೆ. ವಾಲದ ಹಾಗೆ ಎಷ್ಟು ತಡೆಯುತ್ತದೆ? ವಾಲಿದ ಮೇಲೆ ಎಲ್ಲಿಂದ ಮರಳಿ ಬರುತ್ತದೆ? ಮೊದಲನೆಯದರಲ್ಲಿ ಕ್ಯಾಟಮರಾನ್ ಮುಂದೆ, ಎರಡನೆಯದರಲ್ಲಿ ಕೀಲ್ ದೋಣಿ.

ಟ್ಯಾಂಕಿಯಲ್ಲಿ ನೋಡಿದ್ದು

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ತೋಟದಲ್ಲಿ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರು ಬಂದು ತುಂಬುವ ಟ್ಯಾಂಕಿ ಇದೆ. ನಾನೂ ತಂಗಿಯೂ ಎರಡು ತುಂಡು ಬಾಳೆದಿಂಡನ್ನು 40 ಸೆಂಟಿಮೀಟರ್ ದೂರ ಇಟ್ಟು, ಬಿದಿರಿನ ಕಡ್ಡಿಯಿಂದ ಜೋಡಿಸಿ, ನಡುವೆ ಒಂದು ಕೋಲು ನೆಟ್ಟೆವು. ಪಕ್ಕದಲ್ಲಿ ತಳಕ್ಕೆ ಕಲ್ಲು ಅಂಟಿಸಿದ ತೆಂಗಿನ ಗೆರಟೆ. ಗೆರಟೆ ಬೆರಳು ತಾಗಿದರೂ ತೂಗುತ್ತಿತ್ತು, ಬಿಟ್ಟಾಗಲೆಲ್ಲ ನೆಟ್ಟಗಾಗುತ್ತಿತ್ತು. ಒಂದು ಸಲ ಮಾತ್ರ ಅಂಚು ನೀರಿನೊಳಕ್ಕೆ ಹೋಯಿತು, ನೀರು ನುಗ್ಗಿ ತಳ ಸೇರಿತು. ದಿಂಡಿನದ್ದು ಗಟ್ಟಿಯಾಗಿ ಕೂತಿತ್ತು. ಒಂದು ಬದಿ ಎತ್ತುತ್ತಾ ಹೋದೆ. ಒಂದು ಹಂತದವರೆಗೆ ಕೈ ಬಿಟ್ಟರೆ ಧಪ್ಪೆಂದು ಹಿಂದಕ್ಕೆ ಬೀಳುತ್ತಿತ್ತು. ಅದನ್ನು ದಾಟಿದ್ದೇ ಆಚೆಗೆ ಮಗುಚಿ, ಕೋಲು ಕೆಳಗಾಗಿ, ಮೊದಲಿನಷ್ಟೇ ಗಟ್ಟಿಯಾಗಿ ಕೂತಿತು.

“ಅಣ್ಣಾ, ಕಲ್ಲನ್ನು ಕೋಲಿಗೆ ಕಟ್ಟಿದರೆ?” ಎಂದಳು ತಂಗಿ. ಒಳ್ಳೆಯ ಪ್ರಶ್ನೆ. ಅದೇ ಕೆಳಗಿನ ಸೂತ್ರಕ್ಕೆ ದಾರಿಯಾಯಿತು.

ನನಗೆ ತುಂಬಾ ಹಿಡಿಸಿದ ಟ್ಯಾನ್ ಸೂತ್ರ

ಒಂದು ಒಡಲು ಮೇಲೆದ್ದ ಮೇಲೆ ಕ್ಯಾಟಮರಾನಿನ ತೋಳು:

ತೋಳು = ಅರ್ಧ ಅಂತರ × ಕಾಸ್ − ತೂಕದ ಬಿಂದುವಿನ ಎತ್ತರ × ಸೈನ್

ಕಾಸ್, ಸೈನ್, ಟ್ಯಾನ್ ಎಲ್ಲವೂ ದೋಣಿ ವಾಲಿದ ಕೋನದ್ದು. ಅರ್ಧ ಅಂತರ ಎಂದರೆ ಎರಡು ಒಡಲುಗಳ ನಡುಗೆರೆಗಳ ದೂರದ ಅರ್ಧ. ಎತ್ತರವನ್ನು ತೇಲುಬಿಂದುವಿನಿಂದ ಅಳೆಯಬೇಕು. ತೋಳು ಸೊನ್ನೆಯಾಗುವ ಕೋನ ಬೇಕೆಂದರೆ ಇಷ್ಟೇ ಸಾಕು:

ಟ್ಯಾನ್ = ಅರ್ಧ ಅಂತರ ÷ ಎತ್ತರ

ಉದಾಹರಣೆಗೆ 3000 ಕೆಜಿಯ ಕ್ಯಾಟಮರಾನ್, ಒಡಲುಗಳ ಅಂತರ 4 ಮೀಟರ್, ತೂಕದ ಬಿಂದುವಿನ ಎತ್ತರ 1 ಮೀಟರ್ ಎಂದಿಟ್ಟುಕೊಳ್ಳಿ. ಟ್ಯಾನ್ = 2, ಕೋನ ಸುಮಾರು 63 ಡಿಗ್ರಿ. ಅದರಾಚೆಗೆ ಮರಳುವ ದಾರಿ ಇಲ್ಲ. ಸಾಗರಕ್ಕೆ ಇಳಿಯುವ ಕೀಲ್ ದೋಣಿಗಳಲ್ಲಿ ಇದೇ ಕೋನ ಸಾಮಾನ್ಯವಾಗಿ 120 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮ್ಮ ದಿಂಡಿನ ದೋಣಿಗೆ ಕಲ್ಲು ಕಟ್ಟಿ ಎತ್ತರ 20 ಸೆಂಟಿಮೀಟರ್ ಮಾಡಿದಾಗ ಟ್ಯಾನ್ = 1, ಅಂದರೆ 45 ಡಿಗ್ರಿ ಬರಬೇಕಿತ್ತು. ತಂಗಿ ಕೋನಮಾಪಕ ಹಿಡಿದು ಅಳೆದಾಗ 40ರ ಹತ್ತಿರವೇ ಮಗುಚಿತು. ಭಾರಕ್ಕೆ ದಿಂಡು ಆಳಕ್ಕೆ ಇಳಿದಿತ್ತು, ಹಾಗಾಗಿ ಆ ವ್ಯತ್ಯಾಸ ನನಗೆ ಒಪ್ಪಿಗೆ.

ಈಗ 10 ಡಿಗ್ರಿಯಲ್ಲಿ ಎರಡನ್ನೂ ಹೋಲಿಸಿ. ಕ್ಯಾಟಮರಾನಿನ ತೋಳು 1.8 ಮೀಟರ್. ಅಷ್ಟೇ ತೂಕದ ಕೀಲ್ ದೋಣಿಗೆ ತೋಳು 1 ಮೀಟರ್ × ಸೈನ್ ಎಂದು ಒರಟಾಗಿ ಹಿಡಿದರೆ 0.17 ಮೀಟರ್. ಹತ್ತು ಪಟ್ಟು ವ್ಯತ್ಯಾಸ! ಪಂದ್ಯದಲ್ಲಿ ಜೋಡಿ ಒಡಲು ಅಷ್ಟು ದೊಡ್ಡ ಹಾಯಿ ಹೊತ್ತು ಓಡುವುದು ಇದರಿಂದಲೇ, ಅದೂ ಸೀಸದ ಭಾರ ಹೊರದೆ. 1978ರ ಮೊದಲ ರೂಟ್ ಡು ರಮ್ ಪಂದ್ಯದಲ್ಲಿ ಮೈಕ್ ಬರ್ಚ್ ಎಂಬವರ ಪುಟ್ಟ ಟ್ರೈಮರಾನ್ (ಮೂರು ಒಡಲಿನ ದೋಣಿ, ಲೆಕ್ಕ ಜೋಡಿ ಒಡಲಿನ ಹಾಗೆಯೇ), ತನಗಿಂತ ಎಷ್ಟೋ ಉದ್ದದ ಒಂಟಿ ಒಡಲಿನ ದೋಣಿಯನ್ನು ಅಟ್ಲಾಂಟಿಕ್ ದಾಟಿ ಬರೀ 98 ಸೆಕೆಂಡಿನ ಅಂತರದಲ್ಲಿ ಸೋಲಿಸಿತು. ಅದೇ ಪಂದ್ಯದಲ್ಲಿ ಅಲೆನ್ ಕೋಲಾ ಎಂಬವರು ತಮ್ಮ ಟ್ರೈಮರಾನಿನ ಜೊತೆ ಕಾಣೆಯಾದರು, ಮತ್ತೆ ಸಿಗಲೇ ಇಲ್ಲ.

ಗಾಳಿಯ ಜೊತೆ ಓಟ

ಪುಸ್ತಕದಲ್ಲಿ ಇಲ್ಲದ ಲೆಕ್ಕ ಇದು, ನಾನೇ ಹಾಕಿ ನೋಡಿದೆ. ದೋಣಿ ವಾಲಿದಂತೆ ಹಾಯಿಗೆ ತಾಗುವ ಗಾಳಿಯೂ ಕಡಿಮೆಯಾಗುತ್ತದೆ, ಸುಮಾರಾಗಿ ಕಾಸ್ ವರ್ಗದಂತೆ. ಹಾಗಿದ್ದರೆ ಕ್ಯಾಟಮರಾನ್ ಬಚಾವಾಗಬೇಕಲ್ಲ? 10 ಡಿಗ್ರಿಯಲ್ಲಿ ಗಾಳಿ ಮತ್ತು ದೋಣಿ ಸರಿಸಮ ಎಂದಿಟ್ಟು, ಎರಡನ್ನೂ 100 ಎಂದುಕೊಂಡೆ. 30 ಡಿಗ್ರಿಯಲ್ಲಿ ಗಾಳಿ 77, ದೋಣಿ 69. 45ರಲ್ಲಿ ಗಾಳಿ 52, ದೋಣಿ 39. 60ರಲ್ಲಿ ಗಾಳಿ 26, ದೋಣಿ 7. ಗಾಳಿ ಇಳಿಯುವುದಕ್ಕಿಂತ ಬೇಗ ದೋಣಿ ಸೋಲುತ್ತದೆ. ಇದರ ಮೇಲೆ, ಎರಡು ಒಡಲುಗಳ ನಡುವೆ ಬಿಗಿದ ಬಲೆ ಮೇಲೆದ್ದಾಗ ಅದರ ಅಡಿಗೂ ಗಾಳಿ ನುಗ್ಗುತ್ತದೆ. ಹಾಗಾಗಿ ಒಡಲು ಎದ್ದ ಕ್ಷಣದಲ್ಲೇ ಶೀಟ್ ಬಿಡಬೇಕು. (ಶೀಟ್ ಎಂದರೆ ಹಾಯಿಯಲ್ಲ, ಹಾಯಿಯನ್ನು ಎಳೆದು ಹಿಡಿಯುವ ಹಗ್ಗ. ಮೊದಲ ತಿಂಗಳು ನಾನು ತಪ್ಪಾಗಿಯೇ ಓದುತ್ತಿದ್ದೆ.)

ಕೀಲ್ ದೋಣಿ ಬೀಸುಗಾಳಿಗೆ ವಾಲಿ ಮೊದಲೇ ಎಚ್ಚರಿಸುತ್ತದೆ. ಕ್ಯಾಟಮರಾನ್ ವಾಲುವುದಿಲ್ಲ, ಸುಮ್ಮನೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಗಾಳಿಯ ಬಲ ವೇಗದ ವರ್ಗದಂತೆ ಏರುವುದರಿಂದ 20 ನಾಟ್ 30 ಆದರೆ ಬಲ 2.25 ಪಟ್ಟು. ಆದ್ದರಿಂದ ಜೋಡಿ ಒಡಲಿನಲ್ಲಿ ಹಾಯಿ ಕಿರಿದು ಮಾಡುವುದು ಸರಾಸರಿ ಗಾಳಿ ನೋಡಿ ಅಲ್ಲ, ಬರಬಹುದಾದ ಅತಿ ಜೋರಿನ ಬೀಸು ನೋಡಿ.

ಮೂತಿ ಹೂತು ಮಗುಚುವುದು

ಜೋಡಿ ಒಡಲು ಪಕ್ಕಕ್ಕೆ ಮಾತ್ರ ಅಲ್ಲ, ಮುಂದಕ್ಕೂ ಪಲ್ಟಿಯಾಗುತ್ತದೆ. ಒಡಲು ಸಪೂರ, ವೇಗ ಹೆಚ್ಚು, ಗಾಳಿ ಎತ್ತರದಲ್ಲಿ ಹಾಯಿಯನ್ನು ಮುಂದಕ್ಕೆ ತಳ್ಳುತ್ತದೆ, ಮೂತಿ ಅಲೆಯೊಳಗೆ ಹೂತು ಹೋಗುತ್ತದೆ. ಅದಕ್ಕೇ ಗಾಳಿ ಹಿಂದಿನಿಂದ ಬರುವಾಗ ಎಲ್ಲರೂ ಹಿಂಬದಿಗೆ ಸರಿದು ಕೂರುವುದು. 2012ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕಾಸ್ ಕಪ್‌ನ 72 ಅಡಿಯ ಕ್ಯಾಟಮರಾನ್ ಹೀಗೆಯೇ ಮಗುಚಿತು. 2013ರ ಮೇ 9ರಂದು ಅದೇ ಕೊಲ್ಲಿಯಲ್ಲಿ ಇನ್ನೊಂದು ತಂಡದ ದೋಣಿ ಮುರಿದು ಮಗುಚಿ, ಒಲಿಂಪಿಕ್ ಚಿನ್ನ ಗೆದ್ದಿದ್ದ ಆಂಡ್ರ್ಯೂ ಸಿಂಪ್ಸನ್ ತೀರಿಕೊಂಡರು.

ಮಗುಚಿದ ಮೇಲೆ

‘ಹಾಗಾದರೆ ಒಂಟಿ ಒಡಲೇ ಸುರಕ್ಷಿತ’ ಎಂದು ಬರೆದರೆ ಅರ್ಧ ಉತ್ತರ. ಸೀಸ ಹೊತ್ತ ದೋಣಿಗೆ ನೀರು ತುಂಬಿದರೆ ಗೆರಟೆಯ ಗತಿಯೇ. 1979ರ ಫಾಸ್ಟ್‌ನೆಟ್ ಪಂದ್ಯದಲ್ಲಿ 303 ದೋಣಿಗಳು ಹೊರಟು ಬಿರುಗಾಳಿಗೆ ಸಿಕ್ಕಿದವು. ಸ್ಪರ್ಧಿಗಳಲ್ಲಿ 15 ಮಂದಿ ಸತ್ತರು. ಜನ ಬಿಟ್ಟುಹೋದ 24 ದೋಣಿಗಳಲ್ಲಿ ಮುಳುಗಿದ್ದು 5, ಉಳಿದವು ಆಮೇಲೆ ತೇಲುತ್ತಾ ಸಿಕ್ಕಿದವು. ಇದನ್ನು ಓದಿದ ದಿನ ನಿದ್ದೆ ಬರಲಿಲ್ಲ. ಕೀಲ್ ಮುರಿದರಂತೂ ಲೆಕ್ಕವೇ ತಲೆಕೆಳಗು: 1997ರ ಜನವರಿಯಲ್ಲಿ ಬ್ರಿಟಿಷ್ ನಾವಿಕ ಟೋನಿ ಬುಲಿಮೋರ್ ದಕ್ಷಿಣ ಸಾಗರದಲ್ಲಿ ಬೋರಲಾದ ದೋಣಿಯೊಳಗೆ ದಿನಗಟ್ಟಲೆ ಇದ್ದು, ಆಸ್ಟ್ರೇಲಿಯಾ ನೌಕಾಪಡೆಯ ಹಡಗು ಬಂದ ಮೇಲೆ ಬದುಕಿ ಬಂದರು.

ಕೀಲ್ ತನ್ನ ಕೆಲಸ ಮಾಡಿದ್ದಕ್ಕೆ ನಮ್ಮವರದೇ ಉದಾಹರಣೆ ಇದೆ. 2018ರ ಸೆಪ್ಟೆಂಬರಿನಲ್ಲಿ, ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಅಭಿಲಾಷ್ ಟೋಮಿಯವರ ‘ತುರಿಯ’ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಉರುಳಿತು. ಕೂವೆ (ಹಾಯಿ ಕಟ್ಟುವ ಕಂಬ) ಮುರಿಯಿತು, ಅವರ ಬೆನ್ನೆಲುಬಿಗೆ ಪೆಟ್ಟಾಯಿತು, ಆದರೆ ದೋಣಿ ಎದ್ದು ನಿಂತು ತೇಲುತ್ತಿತ್ತು. ಫ್ರೆಂಚ್ ಹಡಗು ಬರುವವರೆಗೆ ಅವರು ಅದರೊಳಗೇ ಇದ್ದರು. ಮುಂದಿನ ಗೋಲ್ಡನ್ ಗ್ಲೋಬಿನಲ್ಲಿ ಅವರು ಎರಡನೆಯವರಾಗಿ 2023ರಲ್ಲಿ ಗುರಿ ಮುಟ್ಟಿದರು.

ಜೋಡಿ ಒಡಲಿನ ಪಂಥದವರಿಗೆ ‘ರೋಸ್ ನೋಯೆಲ್’ ಇದೆ. 1989ರ ಜೂನಿನಲ್ಲಿ ನ್ಯೂಜಿಲೆಂಡ್ ಬಳಿ ಮಗುಚಿದ ಟ್ರೈಮರಾನ್ ಅದು. ನಾಲ್ವರು 119 ದಿನ ಬೋರಲಾದ ದೋಣಿಯಲ್ಲೇ ತೇಲಿ, ದಡ ಸೇರಿ, ನಾಲ್ವರೂ ಉಳಿದರು. ಏಳಲಿಲ್ಲ, ಆದರೆ ಮುಳುಗಲೂ ಇಲ್ಲ. ಸಾಗರ ಪಂದ್ಯಗಳ ಜೋಡಿ ಒಡಲುಗಳಲ್ಲಿ ಬೋರಲಾದಾಗ ಹೊರಬರಲು ತುರ್ತು ಕಿಂಡಿ ಇರಲೇಬೇಕೆಂಬ ನಿಯಮ ಯಾಕೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಸಣ್ಣ ದೋಣಿಗಳ ಮಾತು ಬೇರೆ. ಏಳಿಮಲೆಯ ನೌಕಾ ಅಕಾಡೆಮಿಯ ಪಂದ್ಯಗಳಲ್ಲಿ ಓಡುವ ಲೇಸರ್ ದೋಣಿಗೆ ಸೀಸವೇ ಇಲ್ಲ. ಮಗುಚಿದರೆ ಕೆಳಗಿನ ಹಲಗೆಯ ಮೇಲೆ ನಿಂತು ಮೈಭಾರದಿಂದಲೇ ಎಬ್ಬಿಸುತ್ತಾರೆ. ಸಣ್ಣ ಕ್ಯಾಟಮರಾನನ್ನೂ ಶೀಟ್ ಸಡಿಲಿಸಿ, ಮೂತಿಯನ್ನು ಗಾಳಿಗೆ ತಿರುಗಿಸಿ, ಹಗ್ಗ ಹಿಡಿದು ಹಿಂದಕ್ಕೆ ಒರಗಿ ಎಬ್ಬಿಸಬಹುದು, ಪೂರ್ತಿ ಬೋರಲಾಗದಿದ್ದರೆ ಮಾತ್ರ. ಹಾಗಾಗದಿರಲೆಂದು ಕೆಲವದರ ಕೂವೆಯ ತುದಿಯಲ್ಲಿ ಒಂದು ತೇಲುಬುಡ್ಡೆ ಇರುತ್ತದೆ. ತಂಗಿ ನಮ್ಮ ಕೋಲಿನ ತುದಿಗೆ ಮುಚ್ಚಳ ಹಾಕಿದ ಖಾಲಿ ಬಾಟಲಿ ಕಟ್ಟಿದಳು. ದಿಂಡಿನ ದೋಣಿ ಮಗುಚಿತು, 90 ಡಿಗ್ರಿಯಲ್ಲಿ ಬಾಟಲಿ ನೀರಿಗೆ ತಾಗಿತು, ಅಲ್ಲೇ ನಿಂತಿತು. ಮೂರು ದಿಂಡಿನದ್ದು ಈ ಭಾನುವಾರ ಕಟ್ಟುತ್ತೇವೆ.