ಎಆರ್‌ಟಿ ಮಾತ್ರೆ ತಪ್ಪಿಸಿಲ್ಲ, ಆದರೂ ಮರೆವು ಯಾಕೆ?

ಪ್ರಶ್ನೆ: ನಮ್ಮಣ್ಣನಿಗೆ 47 ವರ್ಷ. ಎಚ್‌ಐವಿ ಇದೆ, ಹನ್ನೆರಡು ವರ್ಷದಿಂದ ಎಆರ್‌ಟಿ ಮಾತ್ರೆ ತಗೊಳ್ತಿದ್ದಾರೆ. ಚಳ್ಳಕೆರೆಯಲ್ಲಿ ಶೇಂಗಾ ಮಂಡಿಯ ಲೆಕ್ಕ ಬರೀತಾರೆ. ಆರು ತಿಂಗಳಿಂದ ಕೂಡೋದು ಕಳೆಯೋದು ನಿಧಾನವಾಗಿದೆ, ಹೇಳಿದ್ದು ಮರೀತಾರೆ. ಕಾಯಿಲೆ ತಲೆಗೇರಿತಾ? ಮಾತ್ರೆಯಿಂದಲೇ ಹೀಗಾಗಿದ್ದರೆ ಬಿಡಿಸಬಹುದಾ?

ಉತ್ತರ: ಮಾತ್ರೆ ಬಿಡಿಸಬೇಡಿ, ಒಂದು ದಿನದ ಮಟ್ಟಿಗೂ ಬೇಡ. ಬಿಟ್ಟರೆ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏಳುತ್ತದೆ.

‘ತಲೆಗೇರಿತಾ’ ಎಂಬ ಮಾತನ್ನು ಸ್ವಲ್ಪ ತಿದ್ದಬೇಕು. ಎಚ್‌ಐವಿ ಮಿದುಳು ಸೇರುವುದು ಕೊನೆಗಾಲದಲ್ಲಲ್ಲ, ಸೋಂಕು ತಗುಲಿದ ಮೊದಲ ವಾರಗಳಲ್ಲೇ. ಬಿಳಿರಕ್ತಕಣಗಳೊಳಗೆ ಅವಿತು ಒಳಹೋಗುತ್ತದೆ. ಅಲ್ಲಿ ಅದು ನೆಲೆಸುವುದು ಯೋಚಿಸುವ ನರಕೋಶಗಳಲ್ಲಲ್ಲ, ಅವುಗಳ ಕಾವಲಿಗಿರುವ ಮೈಕ್ರೋಗ್ಲಿಯಾ ಎಂಬ ಕೋಶಗಳಲ್ಲಿ. ಸೋಂಕಾದ ಕಾವಲುಕೋಶಗಳು ಉರಿಯೂತದ ರಾಸಾಯನಿಕ ಸೂಸುತ್ತವೆ, ಅದರಿಂದ ನರಕೋಶಗಳ ನಡುವಿನ ಕೊಂಡಿಗಳು ಸವೆಯುತ್ತವೆ. ಹೆಚ್ಚು ಪೆಟ್ಟು ಬೀಳುವುದು ಮಿದುಳಿನ ಆಳದ ಭಾಗಕ್ಕೆ ಮತ್ತು ಅಲ್ಲಿಂದ ಹಣೆಯ ಕಡೆಗೆ ಹೋಗುವ ದಾರಿಗೆ. ಹಾಗಾಗಿ ಮೊದಲು ಕುಗ್ಗುವುದು ವೇಗ. ಫೋನಿನಲ್ಲಿ ದರ ಕೇಳುತ್ತಲೇ ಚೀಟಿ ಬರೆಯುವಂಥ ಜೋಡಿ ಕೆಲಸ ತಡವರಿಸುತ್ತದೆ, ಕೈಚುರುಕೂ ತಗ್ಗುತ್ತದೆ.

ಮರೆವಿನ ಬಗೆಯೂ ಬೇರೆ. ಆಲ್ಜೈಮರ್‌ನಲ್ಲಿ ವಿಷಯ ಖಾತೆಗೇ ಏರಿರುವುದಿಲ್ಲ. ಇಲ್ಲಿ ಖಾತೆಯಲ್ಲಿ ಬರೆದಿರುತ್ತದೆ, ಪುಟ ಸಿಗುವುದು ತಡ. ‘ನಿನ್ನೆ ಹಿರಿಯೂರಿನಿಂದ ಯಾರೋ ಬಂದಿದ್ದರಲ್ಲ’ ಎಂದು ಸುಳಿವು ಕೊಟ್ಟರೆ ಹೆಸರು ಬರುತ್ತದೆ. ಮನೆಯಲ್ಲಿ ಇದನ್ನೇ ಗಮನಿಸಿ, ವೈದ್ಯರಿಗೆ ಹೇಳಿ.

ಇದು ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುತ್ತದೆಯೇ? 1996ರ ಸುಮಾರಿಗೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬರುವ ಮುಂಚೆ ಹಾಗಿತ್ತು. ಡಿಮೆನ್ಷಿಯಾ, ಅಂದರೆ ದಿನದ ಕೆಲಸವೂ ಆಗದಷ್ಟು ಬುದ್ಧಿ ಕುಸಿಯುವವರೆಗೆ ಹೋದವರು ಬಹಳ. ಈಗ ಆ ಮಟ್ಟ ಅಪರೂಪ. ಸಣ್ಣ ಮಟ್ಟದ ನಿಧಾನ ಹಲವರಲ್ಲಿ ಉಳಿದಿದೆ, ಬಹುತೇಕರಲ್ಲಿ ಅದು ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ. ಹಿಂದೆಂದೋ ಸಿಡಿ4 (ರೋಗ ತಡೆಯುವ ಒಂದು ಬಗೆಯ ಬಿಳಿರಕ್ತಕಣಗಳ ಎಣಿಕೆ) 200ಕ್ಕಿಂತ ಕೆಳಗಿಳಿದಿದ್ದವರಿಗೆ ಸಂಭವ ಹೆಚ್ಚು. ಸಿಡಿ4 ಎಷ್ಟೇ ಇರಲಿ, ಎಲ್ಲರಿಗೂ ತಕ್ಷಣ ಮಾತ್ರೆ ಎಂಬ ನಿಯಮ ನಮ್ಮಲ್ಲಿ ಬಂದದ್ದು 2017ರಲ್ಲಿ. ಅದಕ್ಕೂ ಮೊದಲು ಅದು ಇಳಿಯುವವರೆಗೆ ಕಾಯಿಸುತ್ತಿದ್ದರು. ನಿಮ್ಮಣ್ಣ ಆ ಕಾಲದವರು, ಹಳೆಯ ಚೀಟಿಗಳನ್ನು ತೆಗೆದು ನೋಡಿ.

ಆದರೆ ಆರೇ ತಿಂಗಳಲ್ಲಿ ಎದ್ದು ಕಂಡ ಬದಲಾವಣೆಯನ್ನು ಎಚ್‌ಐವಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ತಪ್ಪು. ಬಿ12 ಕೊರತೆ, ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಕಾಯಿಲೆ, ಸಿಫಿಲಿಸ್, ಕುಡಿತ, ಖಿನ್ನತೆ, ಎಲ್ಲವೂ ಇದೇ ವೇಷದಲ್ಲಿ ಬರುತ್ತವೆ, ಎಲ್ಲಕ್ಕೂ ಚಿಕಿತ್ಸೆ ಇದೆ. ಅದರಲ್ಲೂ ಖಿನ್ನತೆ. ಕಾಯಿಲೆಯನ್ನು ಊರಿಗೆಲ್ಲ ಮುಚ್ಚಿಟ್ಟು ಬದುಕುವವರ ‘ಮರೆವು’ ಎಷ್ಟೋ ಸಲ ನಿದ್ದೆಗೆಟ್ಟ, ಮನಸ್ಸು ಮುದುಡಿದ ಮರೆವು.

ಇನ್ನು ಮಾತ್ರೆಯ ವಿಷಯ. ಎಫಾವಿರೆನ್ಜ್ ಎಂಬ ಹಳೆಯ ಎಆರ್‌ಟಿ ಔಷಧಿ ತಲೆತಿರುಗು, ಕೆಟ್ಟ ಕನಸು ತರುತ್ತಿತ್ತು. ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ: ಟೆನೋಫೋವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ದಿನಕ್ಕೊಂದು ಮಾತ್ರೆ. ಡೊಲುಟೆಗ್ರಾವಿರ್ ಕೆಲವರ ನಿದ್ದೆ ಕೆಡಿಸುತ್ತದೆ. ಹಾಗಿದ್ದರೆ ರಾತ್ರಿಯ ಬದಲು ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ಎಆರ್‌ಟಿ ಕೇಂದ್ರದಲ್ಲಿ ಕೇಳಿ. ಮಂಡಕ್ಕಿ-ಮಿರ್ಚಿ ತಿಂದು ‘ಗ್ಯಾಸ್’ ಎಂದು ಮೆಡಿಕಲ್ ಶಾಪಿನಿಂದ ಆಂಟಾಸಿಡ್ ಸಿರಪ್ ತರುವುದು ನಮ್ಮ ಕಡೆ ಮಾಮೂಲು. ಅದರಲ್ಲಿನ ಮೆಗ್ನೀಷಿಯಂ, ಅಲ್ಯೂಮಿನಿಯಂ ಡೊಲುಟೆಗ್ರಾವಿರ್ ಅನ್ನು ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಸಿರಪ್‌ಗೆ 2 ಗಂಟೆ ಮೊದಲೋ 6 ಗಂಟೆ ನಂತರವೋ ಮಾತ್ರೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಾದರೆ ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗೂ ಇದೇ ಅಂತರ. ಊಟದ ಜೊತೆಗಾದರೆ ಈ ಮಾತ್ರೆಗಳನ್ನು ಒಟ್ಟಿಗೆ ನುಂಗಬಹುದು. ಅಂತರ ಇಡದಿದ್ದರೆ ಒಂದು ಡೋಸೂ ತಪ್ಪಿಸದವರಲ್ಲೂ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್‌ನ ಪ್ರಮಾಣ) ಏರಬಹುದು.

ಹಾಗಾಗಿ ಮೊದಲು ಕೇಳಬೇಕಾದದ್ದು ಇತ್ತೀಚಿನ ವೈರಲ್ ಲೋಡ್, ಸಿಡಿ4. ಚಿತ್ರದುರ್ಗ, ದಾವಣಗೆರೆ ಜಿಲ್ಲಾ ಆಸ್ಪತ್ರೆಗಳ ಎಆರ್‌ಟಿ ಕೇಂದ್ರದಲ್ಲಿ ಇವು ಉಚಿತ. ಮಿದುಳಿನ ಚುರುಕು ನೋಡಲು 12 ಅಂಕದ ಸರಳ ಪರೀಕ್ಷೆಯೊಂದಿದೆ. ನಾಲ್ಕು ಪದ ಹೇಳಿ ನೆನಪಿಟ್ಟುಕೊಳ್ಳಲು ತಿಳಿಸುತ್ತಾರೆ. ಆಮೇಲೆ ಎಡಗೈ ಹೆಬ್ಬೆರಳು, ತೋರುಬೆರಳನ್ನು 5 ಸೆಕೆಂಡ್ ಬೇಗಬೇಗ ತಟ್ಟಿಸುತ್ತಾರೆ (ಎಡಚರಾದರೆ ಬಲಗೈ). ಮುಷ್ಟಿ, ಅಂಗೈ, ಅಂಗೈಯ ಅಂಚು, ಈ ಸರಣಿಯನ್ನು 10 ಸೆಕೆಂಡ್ ಮೇಜಿನ ಮೇಲೆ ಮಾಡಿಸುತ್ತಾರೆ. ಕೊನೆಗೆ ಆ ನಾಲ್ಕು ಪದ ಕೇಳುತ್ತಾರೆ. ಸುಳಿವಿನ ಮೇಲೆ ಹೇಳಿದರೆ ಅರ್ಧ ಅಂಕ. ಮೊತ್ತ 10 ಅಥವಾ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕು. ಅಷ್ಟಕ್ಕೇ ರೋಗ ಖಚಿತವಾಗುವುದಿಲ್ಲ, ನಿದ್ದೆಗೆಟ್ಟವರ ಅಂಕವೂ ಇಳಿಯುತ್ತದೆ. ಅಪರೂಪಕ್ಕೆ ರಕ್ತದಲ್ಲಿ ಕಾಣದ ವೈರಸ್ ಬೆನ್ನುಹುರಿಯ ನೀರಿನಲ್ಲಿ ಸಿಗುತ್ತದೆ. ನಡಿಗೆ ಓಲಾಡುವುದು, ಕೈ ನಡುಕ ಜೊತೆಗಿದ್ದರೆ ಅದನ್ನೂ ನೋಡಿಸಬೇಕು, ಔಷಧಿ ಬದಲಿಸಿದರೆ ಸುಧಾರಿಸಬಹುದು.

ಮಂಡಿಯಲ್ಲಿ ಸದ್ಯಕ್ಕೆ ಅಣ್ಣ ಒಂದು ಚೀಟಿ ಮುಗಿಸಿಯೇ ಇನ್ನೊಂದು ಹಿಡಿಯಲಿ, ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ಕೂಡಲಿ, ಮಾತ್ರೆಗೆ ಮೊಬೈಲ್ ಅಲಾರಾಂ ಇರಲಿ. ಮಾಲೀಕರಿಗೆ ಕಾಯಿಲೆಯ ಹೆಸರು ಹೇಳುವ ಅಗತ್ಯವಿಲ್ಲ; ಎಚ್‌ಐವಿ ಇದೆ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. ಉಚಿತ ಸಹಾಯವಾಣಿ 1097.

ಮರೆವು ದಿನಗಳಲ್ಲೇ ಹೆಚ್ಚಿದರೆ, ಅಥವಾ ಜೊತೆಗೆ ಬಿಡದ ತಲೆನೋವು, ಜ್ವರ, ವಾಂತಿ, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ಮುಂದಿನ ಮಾತ್ರೆಯ ತಾರೀಖಿಗೆ ಕಾಯಬೇಡಿ. ಅದು ಟಿಬಿ ಅಥವಾ ಶಿಲೀಂಧ್ರದ ಮೆದುಳು ಜ್ವರ ಇರಬಹುದು. ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ, ಎಆರ್‌ಟಿ ಪುಸ್ತಕ ಕೈಯಲ್ಲಿರಲಿ.